ಓದುಗರ ಪ್ರಶ್ನೆ: ಮೂರನೆಯ ಹೆಸರು ಬಲರಾಂ

ಕಳೆದ ಸಂಚಿಕೆಯಲ್ಲಿ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನದ ಬಗ್ಗೆ ಬಂದಿದ್ದ ಪ್ರಶ್ನೆಗೆ ಉತ್ತರಿಸುವಾಗ, ‘ಪಿ.ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ, ತುಳಸಿದಾಸ್ ಬಲರಾಂ ಎಂಬ ತ್ರಿಮೂರ್ತಿಗಳು’ ಎಂದು ಒಂದು ಸಾಲು ಬರೆದು ಮುಂದಕ್ಕೆ ಹೋಗಿದ್ದೆ. ಮೊದಲಿನ ಇಬ್ಬರ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಮೂರನೆಯವರು ಯಾರು, ಅವರ ಹೆಸರು ಯಾವಾಗಲೂ ಕೊನೆಗೇ ಏಕೆ ಬರುತ್ತದೆ ಎಂಬ ಪತ್ರಗಳು ಮಾತ್ರ ಒಂದರ ಹಿಂದೆ ಒಂದರಂತೆ ಬಂದವು. ಹೀಗಾಗಿ ಈ ಸಲದ ಅಂಕಣವನ್ನು ಪೂರ್ತಿಯಾಗಿ ಬಲರಾಂ ಅವರಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಬಲರಾಂ ಬಂಗಾಳಿಯವರೇ? ‘ತುಳಸಿದಾಸ್’ ಎಂಬುದು ಅವರ ಹೆಸರೋ ಮನೆತನದ ಹೆಸರೋ? (ಶಿವಮೊಗ್ಗದಿಂದ ಒಬ್ಬರು ಓದುಗರು)

ಕಲ್ಕತ್ತೆಯಲ್ಲಿ ಆಡಿ ಹೆಸರು ಮಾಡಿದವರನ್ನೆಲ್ಲ ಬಂಗಾಳಿಗಳೆಂದೇ ಎಣಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಬಲರಾಂ ಬಂಗಾಳಿಯಲ್ಲ. 1936ರಲ್ಲಿ ಸಿಕಂದರಾಬಾದಿನ ದಂಡು ಪ್ರದೇಶಕ್ಕೆ ಸೇರಿದ ಅಮ್ಮುಗುಡ ಎಂಬ ಹಳ್ಳಿಯಲ್ಲಿ, ತಮಿಳು ಮಾತನಾಡುವ ಬಡ ಕುಟುಂಬವೊಂದರಲ್ಲಿ ಹುಟ್ಟಿದವರು. ತುಳಸಿದಾಸ್ ಎಂಬುದು ತಂದೆಯ ಹೆಸರು. ತಂದೆಯ ಹೆಸರನ್ನು ಮುಂದಿಟ್ಟು ತನ್ನ ಹೆಸರನ್ನು ಹಿಂದಿಟ್ಟುಕೊಳ್ಳುವ ತಮಿಳರ ಪದ್ಧತಿಯಂತೆ ಅವರು ಟಿ. ಬಲರಾಂ ಆದರು. ಉತ್ತರದ ಪತ್ರಿಕೆಗಳು ಈ ಮೊದಲಕ್ಷರವನ್ನು ಬಿಡಿಸಿ ಬರೆದದ್ದರಿಂದ ತುಳಸಿದಾಸ್ ಎಂಬುದೇ ಅವರ ಸ್ವಂತ ಹೆಸರೆಂಬಂತೆ ಕಾಣುತ್ತದೆ. ನಮ್ಮ ಹಳೆಯ ಮೈಸೂರು ಸೀಮೆಯವರಿಗೂ ದೆಹಲಿಯ ಕಚೇರಿಗಳಲ್ಲಿ ಇದೇ ಪಾಡು. ಊರಿನ ಹೆಸರಿನಿಂದಲೇ ಕರೆಸಿಕೊಂಡು ಓಗೊಟ್ಟು ಬಂದವರು ಎಷ್ಟೋ ಮಂದಿ.

ಪ್ರಶ್ನೆ: ನಮ್ಮ ರಾಯಚೂರು ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹೈದರಾಬಾದಿನ ಫುಟ್‌ಬಾಲ್ ತಂಡದ ಸುದ್ದಿಯನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಬಲರಾಂ ಆ ತಂಡದವರೇ? ಕೋಚ್ ರಹೀಂ ಅವರಿಗೂ ಬಲರಾಂ ಅವರಿಗೂ ಏನು ಸಂಬಂಧ? (ರಾಯಚೂರಿನ ಒಬ್ಬರು ನಿವೃತ್ತ ಶಿಕ್ಷಕರು)

ತಮ್ಮ ಹಿರಿಯರು ಹೇಳಿದ್ದು ಅದೇ ತಂಡದ ಸುದ್ದಿಯಾಗಿರಬೇಕು. ಆ ಕಾಲದಲ್ಲಿ ದೇಶದ ಫುಟ್‌ಬಾಲಿಗೆ ಎರಡು ತವರುಗಳಿದ್ದವು. ಒಂದು ಕಲ್ಕತ್ತ, ಇನ್ನೊಂದು ಹೈದರಾಬಾದ್. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಬೊಂಬಾಯಿಯ ರೋವರ್ಸ್ ಕಪ್ಪನ್ನು ಬೇರೆಯವರ ಕೈಗೆ ಬಿಟ್ಟುಕೊಡಲಿಲ್ಲ. ಆ ತಂಡವನ್ನು ಕಟ್ಟಿದವರು ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಶಾಲಾ ಶಿಕ್ಷಕರಾಗಿದ್ದ ಅವರನ್ನು ಆಟಗಾರರು ಕೊನೆಯವರೆಗೂ ‘ರಹೀಂ ಸಾಹೇಬ್’ ಎಂದೇ ಕರೆದರು. ಭಾರತ ತಂಡದ ಕೋಚ್ ಕೂಡ ಅವರೇ.

ಬಲರಾಂ ಹದಿಹರೆಯದಲ್ಲಿ ಸೈನಿಕರ ತಂಡವೊಂದರ ಪರವಾಗಿ, ಆಮೇಲೆ ರೈಡರ್ಸ್ ಕ್ಲಬ್ ಪರವಾಗಿ ಆಡುತ್ತಿದ್ದಾಗ ರಹೀಂ ಅವರ ಕಣ್ಣಿಗೆ ಬಿದ್ದರು. ಹೈದರಾಬಾದ್ ತಂಡದ ಆಯ್ಕೆ ಶಿಬಿರಕ್ಕೆ ಬಾ ಎಂದು ರಹೀಂ ಕರೆದಾಗ, ದಿನವೂ ಅಷ್ಟು ದೂರ ಬಂದು ಹೋಗಲು ಕೈಯಲ್ಲಿ ಕಾಸಿಲ್ಲ ಎಂದು ಹುಡುಗ ಹೇಳಿದನಂತೆ. ಬಾಡಿಗೆ ಸೈಕಲ್ಲಿಗೆ ಬೇಕಾದ ಹಣವನ್ನು ರಹೀಂ ತಾವೇ ಕೊಟ್ಟರಂತೆ. ಬಲರಾಂ ಅವರ ಬಗ್ಗೆ ಬರೆದವರು ತಪ್ಪದೆ ನೆನಪಿಸುವ ಪ್ರಸಂಗ ಇದು. ಇಂದಿನ ಮಕ್ಕಳಿಗೆ ಬಾಡಿಗೆ ಸೈಕಲ್ ಎಂದರೆ ಏನೆಂದು ಬಿಡಿಸಿ ಹೇಳಬೇಕಾದೀತು, ತಮಗೆ ಹೇಳಬೇಕಿಲ್ಲ.

ಸಂತೋಷ್ ಟ್ರೋಫಿ ಎಂಬ ರಾಷ್ಟ್ರೀಯ ಪಂದ್ಯಾವಳಿಯೇ ಆಗ ಭಾರತ ತಂಡಕ್ಕೆ ಏರುವ ಮೆಟ್ಟಿಲು. 1956-57ರಲ್ಲೂ 1957-58ರಲ್ಲೂ ಹೈದರಾಬಾದ್ ಅದನ್ನು ಗೆದ್ದಾಗ ಬಲರಾಂ ಆ ತಂಡದಲ್ಲಿದ್ದರು. ತಾವು ರಾಯಚೂರಿನವರಾದ್ದರಿಂದ ಇನ್ನೊಂದು ಮಾತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಗಿ ತಮ್ಮ ಜಿಲ್ಲೆ ಕನ್ನಡನಾಡಿಗೆ ಸೇರಿತು. ಅದೇ ತಿಂಗಳ 22ರಂದು ಮೆಲ್ಬರ್ನ್ ಒಲಿಂಪಿಕ್ಸ್ ಆರಂಭವಾಯಿತು, ಇಪ್ಪತ್ತರ ಬಲರಾಂ ಅಲ್ಲಿ ಭಾರತದ ಅಂಗಿ ತೊಟ್ಟರು. ಭೂಪಟದಿಂದ ಅಳಿಸಿಹೋದ ರಾಜ್ಯದ ಹೆಸರಿನಲ್ಲಿ ಆ ಮುಂದೆಯೂ ಒಂದು ತಂಡ ಫುಟ್‌ಬಾಲ್ ಆಡುತ್ತಿತ್ತು, ಗೆಲ್ಲುತ್ತಲೂ ಇತ್ತು.

ಪ್ರಶ್ನೆ: ಪಿ.ಕೆ., ಚುನಿ, ಬಲರಾಂ. ಈ ಕ್ರಮವನ್ನು ಯಾರೂ ಬದಲಿಸುವುದಿಲ್ಲ. ಆಟದಲ್ಲಿ ಬಲರಾಂ ನಿಜವಾಗಿಯೂ ಮೂರನೆಯವರೇ? ಮೆಲ್ಬರ್ನ್, ರೋಮ್, ಜಕಾರ್ತಾಗಳಲ್ಲಿ ಅವರು ಮಾಡಿದ್ದೇನು ಎಂಬುದನ್ನು ವಿವರವಾಗಿ ತಿಳಿಸಿ. (ಬೆಂಗಳೂರಿನಿಂದ ಇಬ್ಬರು ಓದುಗರು)

ಮೊದಲು ಅವರು ನಿಲ್ಲುತ್ತಿದ್ದ ಜಾಗದ ಬಗ್ಗೆ ಹೇಳುತ್ತೇನೆ, ಏಕೆಂದರೆ ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ ಅಲ್ಲಿಯೇ ಇದೆ. ಆಗ ಮುಂಚೂಣಿಯಲ್ಲಿ ಐವರು ಆಡುವ ಪದ್ಧತಿ: ಎರಡು ಅಂಚಿನಲ್ಲಿ ಇಬ್ಬರು ವಿಂಗರ್‌ಗಳು, ನಡುವೆ ಸೆಂಟರ್ ಫಾರ್ವರ್ಡ್, ಅವನ ಎರಡು ಮಗ್ಗುಲಿಗೆ ತುಸು ಹಿಂದೆ ಇಬ್ಬರು ಇನ್‌ಸೈಡ್ ಫಾರ್ವರ್ಡ್‌ಗಳು. ಪಿ.ಕೆ. ಬಲ ಅಂಚಿನವರು, ಅವರ ವೇಗಕ್ಕೂ ಹೊಡೆತಕ್ಕೂ ಆ ಜಾಗ ಹೇಳಿ ಮಾಡಿಸಿದಂತಿತ್ತು, ಅಲ್ಲಿಂದ ಅವರನ್ನು ಯಾರೂ ಕದಲಿಸಲಿಲ್ಲ. ಚುನಿ ಇನ್‌ಸೈಡ್ ಲೆಫ್ಟ್. ಅವರ ಕಾಲ್ಚಳಕಕ್ಕೆ ಬೇಕಾಗಿದ್ದದ್ದು ಆ ನಡುಜಾಗವೇ. ಬಲರಾಂ ಅವರ ಸಹಜ ಸ್ಥಾನವೂ ಇನ್‌ಸೈಡ್ ಲೆಫ್ಟ್ ಆಗಿತ್ತು. ಒಂದು ತಂಡದಲ್ಲಿ ಒಂದು ಜಾಗಕ್ಕೆ ಇಬ್ಬರು ನಿಲ್ಲುವಂತಿಲ್ಲವಾದ್ದರಿಂದ ಬಲರಾಂ ಒಂದು ಪಂದ್ಯದಲ್ಲಿ ಎಡ ಅಂಚಿಗೆ, ಇನ್ನೊಂದರಲ್ಲಿ ನಡುವಿಗೆ, ಮತ್ತೊಂದರಲ್ಲಿ ಚೆಂಡನ್ನು ಹುಡುಕಿಕೊಂಡು, ಮುಂಚೂಣಿಯ ಹಿಂದೆ ನಡುಮೈದಾನದಲ್ಲಿ ನಿಲ್ಲುವ ಹಾಫ್‌ಬ್ಯಾಕ್‌ಗಳ ಸಾಲಿನವರೆಗೂ ಹೋದರು. ಉಳಿದಿಬ್ಬರಿಗೆ ಅವರವರ ಜಾಗ ಸಿಕ್ಕಿದ್ದು ಮೂರನೆಯವರು ಎಲ್ಲಿ ಬೇಕಾದರೂ ಆಡಬಲ್ಲವರಾಗಿದ್ದರಿಂದ. ಇದು ನನ್ನ ಅಭಿಪ್ರಾಯ. ಬಂಗಾಳದ ಹಿರಿಯ ಅಭಿಮಾನಿಗಳು ಒಪ್ಪದಿದ್ದರೆ ನನಗೆ ಆಶ್ಚರ್ಯವಿಲ್ಲ.

ಮೆಲ್ಬರ್ನ್‌ನಲ್ಲಿ ಬೆಳಕೆಲ್ಲ ನೆವಿಲ್ ಡಿಸೋಜಾ ಅವರ ಮೇಲೆ ಬಿತ್ತು. ಆಸ್ಟ್ರೇಲಿಯಾ ವಿರುದ್ಧ ಭಾರತ 4-2ರಿಂದ ಗೆದ್ದ ಆ ಪಂದ್ಯದಲ್ಲಿ ನೆವಿಲ್ ಮೂರು ಗೋಲು ಹೊಡೆದರು; ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಏಷ್ಯಾದವರೊಬ್ಬರ ಮೊದಲ ಹ್ಯಾಟ್ರಿಕ್ ಅದು. ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯ ವಿರುದ್ಧ 1-4ರಿಂದಲೂ, ಕಂಚಿನ ಪಂದ್ಯದಲ್ಲಿ ಬಲ್ಗೇರಿಯ ವಿರುದ್ಧ 0-3ರಿಂದಲೂ ಸೋತು ಭಾರತ ನಾಲ್ಕನೆಯ ಸ್ಥಾನಕ್ಕೆ ನಿಂತಿತು. ಬಲರಾಂ ಅವರಿಗೆ ಅದು ಕಲಿಕೆಯ ಪ್ರವಾಸ.

ಅವರನ್ನು ಅಳೆಯಬೇಕಾದದ್ದು ರೋಮ್‌ನಲ್ಲಿ. 1960ರ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಸಿಕ್ಕ ಗುಂಪು ಹಂಗರಿ, ಫ್ರಾನ್ಸ್, ಪೆರು ಇದ್ದ ಗುಂಪು. ಮುಂದಕ್ಕೆ ಹೋಗಲು ಅವಕಾಶ ಇದ್ದದ್ದು ಒಂದೇ ತಂಡಕ್ಕೆ. ಆಗಸ್ಟ್ 26ರಂದು ಲಾಕ್ವಿಲಾ ಎಂಬ ಬೆಟ್ಟದೂರಿನಲ್ಲಿ ಹಂಗರಿ ವಿರುದ್ಧ ಮೊದಲ ಪಂದ್ಯ. ಆ ಹಂಗರಿ ತಂಡದಲ್ಲಿ ಫ್ಲೋರಿಯಾನ್ ಆಲ್ಬರ್ಟ್ ಇದ್ದರು. ಏಳು ವರ್ಷಗಳ ಬಳಿಕ ಯುರೋಪಿನ ವರ್ಷದ ಶ್ರೇಷ್ಠ ಆಟಗಾರನೆಂಬ ಗೌರವ ಪಡೆದವರು ಅವರೇ. ಎರಡು ಗೋಲುಗಳ ಹಿನ್ನಡೆಯಲ್ಲಿದ್ದ ಭಾರತಕ್ಕೆ 79ನೆಯ ನಿಮಿಷದಲ್ಲಿ ಬಲರಾಂ ಒಂದು ಗೋಲು ತಂದರು. ಉಳಿದ ಹತ್ತು-ಹನ್ನೊಂದು ನಿಮಿಷ ಹಂಗರಿಗೆ ನೆಮ್ಮದಿಯದ್ದಾಗಿರಲಿಲ್ಲ. ಕೊನೆಗೆ 1-2. ಆ ಹಂಗರಿ ಕಂಚಿನ ಪದಕದೊಂದಿಗೆ ಮನೆಗೆ ಹೋಯಿತು.

ಈ 79ನೆಯ ನಿಮಿಷದ ಬಗ್ಗೆ ಸ್ವಲ್ಪ ಯೋಚಿಸಿ. ನಮ್ಮ ದೇಶದೊಳಗಿನ ಪಂದ್ಯಗಳು ಆಗ 70 ನಿಮಿಷಕ್ಕೇ ಮುಗಿಯುತ್ತಿದ್ದವು. ವರ್ಷವಿಡೀ 70 ನಿಮಿಷಕ್ಕೆ ಹದಗೊಂಡ ದೇಹಗಳನ್ನು ಒಲಿಂಪಿಕ್ಸ್‌ಗೆ ಕರೆದೊಯ್ದು 90 ನಿಮಿಷ ಓಡಿಸುತ್ತಿದ್ದೆವು. ಎಂದರೆ ಊರಿನಲ್ಲಿದ್ದರೆ ಆಟ ಮುಗಿದು, ಬೂಟು ಬಿಚ್ಚಿ, ನೀರು ಕುಡಿಯುತ್ತ ಕೂರುವ ಹೊತ್ತಿನಲ್ಲಿ ಬಲರಾಂ ಹಂಗರಿಯ ಗೋಲುಪೆಟ್ಟಿಗೆಗೆ ಚೆಂಡು ಮುಟ್ಟಿಸಿದರು. ಪೆರು ವಿರುದ್ಧ ಪೆಸ್ಕಾರಾದಲ್ಲಿ ನಡೆದ ಕೊನೆಯ ಪಂದ್ಯದಲ್ಲೂ ಹಾಗೆಯೇ ಆಯಿತು: ಭಾರತ 1-3ರಿಂದ ಸೋತಿತು, ನಮ್ಮ ಒಂದೇ ಗೋಲು ಬಂದದ್ದು 88ನೆಯ ನಿಮಿಷದಲ್ಲಿ, ಅದೂ ಬಲರಾಂ ಅವರದೇ. ನಡುವೆ ಗ್ರೊಸೆಟೊದಲ್ಲಿ ಫ್ರಾನ್ಸ್ ವಿರುದ್ಧ ನಾಯಕ ಪಿ.ಕೆ. ಹೊಡೆದ ಗೋಲಿನಿಂದ ಭಾರತ ಮುಂದಿತ್ತು. ಆಟ ಮುಗಿಯಲು ಎಂಟು ನಿಮಿಷ ಇದ್ದಾಗ ಫ್ರಾನ್ಸ್ ಸಮಮಾಡಿಕೊಂಡು 1-1 ಆಯಿತು. ಮೂರು ಪಂದ್ಯಗಳಲ್ಲಿ ಭಾರತದ ಗೋಲು ಮೂರು, ಅದರಲ್ಲಿ ಎರಡು ಬಲರಾಂ ಅವರವು. ಫ್ರಾನ್ಸ್ ಪಂದ್ಯದ ಗೋಲನ್ನು ಎಲ್ಲರೂ ನೆನೆಯುತ್ತಾರೆ. ಉಳಿದೆರಡು ಸೋತ ಪಂದ್ಯಗಳಲ್ಲಿ ಬಂದವು, ಆದ್ದರಿಂದ ಅಂಕಿಅಂಶದ ಪುಟದಲ್ಲಿಯೇ ಉಳಿದವು.

ಜಕಾರ್ತಾದ ಕಥೆ ಕಳೆದ ಸಂಚಿಕೆಯಲ್ಲಿ ಬಂದಿದೆಯಾದ್ದರಿಂದ ಬಲರಾಂ ಅವರಿಗೆ ಸಂಬಂಧಿಸಿದ್ದನ್ನಷ್ಟೇ ಹೇಳುತ್ತೇನೆ. ಮೊದಲ ಪಂದ್ಯವನ್ನು ಭಾರತ ದಕ್ಷಿಣ ಕೊರಿಯಕ್ಕೆ 0-2ರಿಂದ ಒಪ್ಪಿಸಿತು. ಆಮೇಲೆ ಸೋತರೆ ಮನೆಗೆ ಎಂಬ ಸ್ಥಿತಿಯಲ್ಲಿ ಥಾಯ್ಲೆಂಡನ್ನು 4-1ರಿಂದ, ಜಪಾನನ್ನು 2-0ಯಿಂದ ಸೋಲಿಸಿತು. ಆ ಎರಡೂ ಪಂದ್ಯಗಳಲ್ಲಿ ಬಲರಾಂ ಒಂದೊಂದು ಗೋಲು ಹೊಡೆದರು. ಥಾಯ್ಲೆಂಡ್ ಪಂದ್ಯದಲ್ಲಿ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಹೊಲಿಗೆ ಹಾಕಿದ ತಲೆಯವರನ್ನು ಹಿಂದೆ ನಿಲ್ಲಿಸುವ ಬದಲು ರಹೀಂ ಮುಂದೆ ಸೆಂಟರ್ ಫಾರ್ವರ್ಡ್ ಆಗಿ ನಿಲ್ಲಿಸಿದರು. ಈ ಸಾಹಸ ಫಲಿಸಬೇಕಾದರೆ ಉಳಿದ ಮುಂಚೂಣಿಯವರು ತಮ್ಮ ಜಾಗಗಳನ್ನು ಮತ್ತೆ ಹೊಂದಿಸಿಕೊಳ್ಳಬೇಕಿತ್ತು, ಮತ್ತು ಎಂದಿನಂತೆ ಹೆಚ್ಚು ಹೊಂದಿಸಿಕೊಂಡವರು ಬಲರಾಂ. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ 3-2: ಚುನಿ ಎರಡು, ಜರ್ನೈಲ್ ಒಂದು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಕೊರಿಯ ವಿರುದ್ಧ 2-1: ಪಿ.ಕೆ. ಒಂದು, ಜರ್ನೈಲ್ ಒಂದು.

ಇಸ್ರೇಲ್ ಮತ್ತು ತೈವಾನ್‌ಗಳನ್ನು ಕೂಟದಿಂದ ಹೊರಗಿಟ್ಟಿದ್ದನ್ನು ಭಾರತದ ಕ್ರೀಡಾಧಿಕಾರಿ ಜಿ.ಡಿ. ಸೋಂಧಿ ಪ್ರಶ್ನಿಸಿದ್ದರು. ಅದರಿಂದ ಕೆರಳಿದ ಜನ ಭಾರತದ ರಾಯಭಾರ ಕಚೇರಿಯ ಮೇಲೆಯೇ ನುಗ್ಗಿದ್ದರು; ಕ್ರೀಡಾಂಗಣ ತುಂಬಿದ್ದ ಪ್ರೇಕ್ಷಕರು ನಮ್ಮ ಆಟಗಾರರು ಚೆಂಡು ಮುಟ್ಟಿದಾಗಲೆಲ್ಲ ಕೂಗಿ ಹಳಿಯುತ್ತಿದ್ದರು. ಅಷ್ಟು ದೊಡ್ಡ ಜನಸಾಗರದಲ್ಲಿ ಭಾರತಕ್ಕೆ ಚಪ್ಪಾಳೆ ತಟ್ಟಿದ ಒಂದು ಪುಟ್ಟ ಗುಂಪೆಂದರೆ ಪಾಕಿಸ್ತಾನದ ಹಾಕಿ ಆಟಗಾರರದು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ಭಾರತ ಅಲ್ಲಿಂದಾಚೆಗೆ ಚಿನ್ನ ಗೆದ್ದಿಲ್ಲ.

ಈಗ ಮೂಲ ಪ್ರಶ್ನೆ. ಆಟ ನಿಲ್ಲಿಸಿದ ಮೇಲೆ ಪಿ.ಕೆ. ದೇಶದ ಹೆಸರಾಂತ ಕೋಚ್ ಆಗಿ ಹಲವು ದಶಕ ಸುದ್ದಿಯಲ್ಲಿದ್ದರು. ಚುನಿ ಜಕಾರ್ತಾದಲ್ಲಿ ನಾಯಕರಾಗಿದ್ದವರು. ಸಾಲದೆಂಬಂತೆ ಕ್ರಿಕೆಟ್ಟಿನಲ್ಲಿ ಬಂಗಾಳದ ರಣಜಿ ತಂಡವನ್ನು ಫೈನಲ್‌ವರೆಗೆ ಮುನ್ನಡೆಸಿದರು. ಬಲರಾಂ ಕಲ್ಕತ್ತೆಯ ಆಚೆ, ಹೂಗ್ಲಿ ದಂಡೆಯ ಉತ್ತರಪಾರಾದಲ್ಲಿ ಮದುವೆಯಾಗದೆ ಒಬ್ಬರೇ ಬದುಕಿದರು. ಬಂಗಾಳದಲ್ಲಿ ಅವರಿಗೆ ಊರಿನವರ ಬೆಂಬಲವಿರಲಿಲ್ಲ. ಹೈದರಾಬಾದಿನಲ್ಲಿ ಅವರು ಉಳಿಯಲೇ ಇಲ್ಲ. ಹೆಸರುಗಳ ಈ ಕ್ರಮ ಮೈದಾನದಲ್ಲಿ ಹುಟ್ಟಿದ್ದಲ್ಲ, ಆಮೇಲಿನ ಐವತ್ತು ವರ್ಷಗಳಲ್ಲಿ ಹುಟ್ಟಿದ್ದು ಎಂಬುದು ನನ್ನ ಎಣಿಕೆ.

ಪ್ರಶ್ನೆ: ಆ ತಂಡಗಳಲ್ಲಿ ನಮ್ಮ ರಾಜ್ಯದವರು ಯಾರಾದರೂ ಇದ್ದರೇ? (ಮೈಸೂರು)

ಇದ್ದರು. ಮೆಲ್ಬರ್ನ್ ಮತ್ತು ರೋಮ್ ಎರಡೂ ಒಲಿಂಪಿಕ್ಸ್‌ಗಳಿಗೆ ಹೋದ ಹಾಫ್‌ಬ್ಯಾಕ್ ಕೆಂಪಯ್ಯ ಬೆಂಗಳೂರಿನವರು. ಕಲ್ಕತ್ತೆಯಲ್ಲಿ ಅವರು ಮೋಹನ್ ಬಾಗಾನ್ ಆಟಗಾರ, ಬಲರಾಂ ಈಸ್ಟ್ ಬೆಂಗಾಲ್ ಆಟಗಾರ. ಒಲಿಂಪಿಕ್ಸ್‌ನಲ್ಲಿ ಒಂದೇ ಅಂಗಿ ತೊಟ್ಟು ಹಿಂದೆ ಮುಂದೆ ಆಡಿದ ಇವರಿಬ್ಬರೂ ಕಲ್ಕತ್ತೆಗೆ ಮರಳಿದೊಡನೆ ಎದುರಾಳಿಗಳು. ಕಲ್ಕತ್ತೆಯಲ್ಲಿ ಈ ಎರಡು ಕ್ಲಬ್‌ಗಳ ಪಂದ್ಯವೆಂದರೆ ಮನೆಮನೆಯಲ್ಲೂ ಪಕ್ಷ ಕಟ್ಟುವ ಸಂಗತಿ. ಅಂಥ ಪಂದ್ಯದಲ್ಲಿ ಬೆಂಗಳೂರಿನವರೊಬ್ಬರು ಸಿಕಂದರಾಬಾದಿನವರೊಬ್ಬರನ್ನು ತಡೆಯಲು ನಿಲ್ಲುತ್ತಿದ್ದರು. ಜಕಾರ್ತಾಕ್ಕೆ ಹೋದ ತಂಡದಲ್ಲಿದ್ದ ವಿಂಗರ್ ಅರುಮೈನಾಯಗಂ ಕೂಡ ಬೆಂಗಳೂರಿನಲ್ಲಿ ಹುಟ್ಟಿ ಮೋಹನ್ ಬಾಗಾನ್‌ಗೆ ಹೋದವರು.

ಬಂಗಾಳ ಮತ್ತು ಹೈದರಾಬಾದ್‌ಗಳ ಅಬ್ಬರದ ನಡುವೆ ಮೈಸೂರು ರಾಜ್ಯವೂ 1946-47ರಲ್ಲಿ, 1952-53ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತ್ತು. 1967-68 ಮತ್ತು 1968-69ರಲ್ಲಿ ಮತ್ತೆ ಗೆದ್ದಿತು. ಆಮೇಲಿನದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯ ವಿರುದ್ಧ.

ಪ್ರಶ್ನೆ: ಇಪ್ಪತ್ತೇಳನೆಯ ವಯಸ್ಸಿಗೇ ಅವರು ಆಟ ಬಿಟ್ಟರಂತೆ. ಗಾಯವಾಗಿತ್ತೇ? (ಕಾರವಾರ)

ಕಾಲಿಗಾದ ಗಾಯವಲ್ಲ, ಎದೆಯ ಕಾಯಿಲೆ. ಬಲರಾಂ 1957ರಿಂದ ಈಸ್ಟ್ ಬೆಂಗಾಲ್‌ನಲ್ಲಿ ಆಡಿದರು. 1961ರಲ್ಲಿ ಅವರು ನಾಯಕರಾಗಿದ್ದಾಗ ಕ್ಲಬ್ ಒಂಬತ್ತು ವರ್ಷಗಳ ಬಳಿಕ ಕಲ್ಕತ್ತಾ ಲೀಗ್ ಗೆದ್ದಿತು. ಆ ಲೀಗ್‌ನಲ್ಲಿ 23 ಗೋಲು ಹೊಡೆದು ಅವರೇ ಮೊದಲಿಗರಾದರು. ಆ ಕ್ಲಬ್ ಪರ ಅವರ ಒಟ್ಟು ಗೋಲುಗಳ ಲೆಕ್ಕ ನೂರನ್ನು ದಾಟುತ್ತದೆ. 1962ರಲ್ಲಿ ಚಿನ್ನ, ಅದೇ ಸಾಲಿನ ಅರ್ಜುನ ಪ್ರಶಸ್ತಿ. ಇನ್ನೂ ಆರೇಳು ವರ್ಷ ಆಡಬಹುದು ಎನ್ನುವ ಹೊತ್ತಿಗೆ ಬಂಗಾಲ ನಾಗಪುರ ರೈಲ್ವೆಯ ತಂಡಕ್ಕೆ ಬಂದರು. ರೈಲ್ವೆಯಲ್ಲಿ ನೌಕರಿ, ನೌಕರಿಯ ಜೊತೆ ಆಟ. ಫುಟ್‌ಬಾಲಿನಿಂದಲೇ ಹೊಟ್ಟೆ ತುಂಬದಿದ್ದ ಕಾಲದಲ್ಲಿ ಅದು ಸಾಮಾನ್ಯ ವ್ಯವಸ್ಥೆ.

ಅಷ್ಟರಲ್ಲಿ ಪ್ಲೂರಿಸಿ ಅಂಟಿಕೊಂಡಿತು. ಶ್ವಾಸಕೋಶವನ್ನು ಸುತ್ತಿರುವ ಎರಡು ತೆಳು ಪೊರೆಗಳು ಉಸಿರಾಡುವಾಗ ಒಂದರ ಮೇಲೊಂದು ಸದ್ದಿಲ್ಲದೆ ಜಾರುತ್ತಿರಬೇಕು. ಅವುಗಳಿಗೆ ಉರಿಯೂತ ಬಂದರೆ ಪ್ರತಿ ಆಳವಾದ ಉಸಿರಿಗೂ ಪಕ್ಕೆಯಲ್ಲಿ ಚೂರಿ ಆಡಿಸಿದಂತೆ ನೋವು. ಮೇಜಿನ ಮುಂದೆ ಕುಳಿತು ಕೆಲಸ ಮಾಡುವವರು ಮೆಲ್ಲಗೆ ಉಸಿರಾಡಿಕೊಂಡು ದಿನ ತಳ್ಳಬಹುದು. ಇಡೀ ಮೈದಾನ ಸುತ್ತುವುದೇ ಆಟವಾಗಿದ್ದವರಿಗೆ ಅದು ಸಾಧ್ಯವಿರಲಿಲ್ಲ. 1963ರ ಜೂನ್‌ನಲ್ಲಿ ರಹೀಂ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಕೆಲವೇ ತಿಂಗಳ ಅಂತರದಲ್ಲಿ ಶಿಷ್ಯನ ಆಟವೂ ನಿಂತಿತು.

ಪ್ರಶ್ನೆ: ಸುನಿಲ್ ಚೆಟ್ರಿ ಅವರೊಂದಿಗೆ ಹೋಲಿಸಿದರೆ? (ತುಮಕೂರಿನಿಂದ ಒಬ್ಬ ವಿದ್ಯಾರ್ಥಿ)

ಹೋಲಿಸಬೇಡಿ. ಬೆಂಗಳೂರಿನ ತಂಡದ ನಾಯಕರಾಗಿ ನಮಗೆಲ್ಲ ಹತ್ತಿರವಾದ ಚೆಟ್ರಿ ಭಾರತದ ಪರ 90ಕ್ಕೂ ಹೆಚ್ಚು ಗೋಲು ಹೊಡೆದಿದ್ದಾರೆ. ಬಲರಾಂ ಕಾಲದಲ್ಲಿ ಭಾರತ ತಂಡ ಸೇರುತ್ತಿದ್ದದ್ದೇ ಒಲಿಂಪಿಕ್ಸ್, ಏಷ್ಯನ್ ಕ್ರೀಡಾಕೂಟ, ಮಲಯಾದ ಮೆರ್ಡೇಕಾ ಪಂದ್ಯಾವಳಿ ಇಂಥ ಕೆಲವು ಸಂದರ್ಭಗಳಲ್ಲಿ. ಒಬ್ಬರು ಸುಮಾರು ಇಪ್ಪತ್ತು ವರ್ಷ ಆಡಿದರು, ಇನ್ನೊಬ್ಬರು ಏಳು ವರ್ಷ. ಇಬ್ಬರಲ್ಲೂ ಇರುವ ಸಮಾನ ಅಂಶವೊಂದನ್ನು ಬೇಕಾದರೆ ಹೇಳಬಹುದು: ಗೋಲಿನ ಮುಂದೆ ಕಾದು ನಿಲ್ಲದೆ, ಚೆಂಡಿಗಾಗಿ ಹಿಂದಕ್ಕೆ ಬರುವ ಅಭ್ಯಾಸ.

ಪ್ರಶ್ನೆ: ಕೊನೆಗಾಲದಲ್ಲಿ ಅವರಿಗೆ ಸಲ್ಲಬೇಕಾದ ಗೌರವ ಸಲ್ಲಲಿಲ್ಲ ಎಂದು ಓದಿದ್ದೆ. ನಿಜವೇ? (ಮಂಗಳೂರು)

ಅರ್ಜುನ ಪ್ರಶಸ್ತಿಯ ಮಟ್ಟಿಗೆ ಮೂವರೂ ಸಮಾನರು: 1961ಕ್ಕೆ ಪಿ.ಕೆ., 1962ಕ್ಕೆ ಬಲರಾಂ, 1963ಕ್ಕೆ ಚುನಿ. ಆಮೇಲೆ ದಾರಿ ಬೇರೆಯಾಯಿತು. ಚುನಿ ಅವರಿಗೆ 1983ರಲ್ಲಿ, ಪಿ.ಕೆ. ಅವರಿಗೆ 1990ರಲ್ಲಿ ಪದ್ಮಶ್ರೀ ಬಂತು. ಬಲರಾಂ ಅವರಿಗೆ ಬದುಕಿರುವವರೆಗೆ ಯಾವ ಪದ್ಮ ಪ್ರಶಸ್ತಿಯೂ ಬರಲಿಲ್ಲ. ಮರೆತುಹೋದವನು ನಾನು ಎಂಬ ನೋವು ಅವರ ಮಾತುಗಳಲ್ಲಿ ಇತ್ತು, ಅದನ್ನು ಅವರು ಮುಚ್ಚಿಡಲೂ ಇಲ್ಲ. ಪಿ.ಕೆ. 2020ರ ಮಾರ್ಚ್ 20ರಂದು, ಚುನಿ ಅದೇ ವರ್ಷದ ಏಪ್ರಿಲ್ 30ರಂದು ನಿಧನರಾದರು. ಬಲರಾಂ 2023ರ ಫೆಬ್ರುವರಿ 16ರಂದು, 86ರ ವಯಸ್ಸಿನಲ್ಲಿ, ಕೋಲ್ಕತ್ತದಲ್ಲಿ ತೀರಿಕೊಂಡರು. ಪ್ರಶಸ್ತಿ ಕೊಡುವವರಿಗೆ ಕಾರಣಗಳಿರಬಹುದು. ಆದರೆ ಒಂದೇ ಮುಂಚೂಣಿಯಲ್ಲಿ ಆಡಿ ಒಂದೇ ಚಿನ್ನ ಗೆದ್ದ ಮೂವರಲ್ಲಿ ಇಬ್ಬರನ್ನು ಗುರುತಿಸಿ ಒಬ್ಬರನ್ನು ಬಿಟ್ಟದ್ದಕ್ಕೆ ಒಪ್ಪುವಂಥ ಕಾರಣ ನನಗಂತೂ ಕಂಡಿಲ್ಲ.

ಪ್ರಶ್ನೆ: ನನ್ನ ಹನ್ನೆರಡು ವರ್ಷದ ಮಗ ಫುಟ್‌ಬಾಲ್ ಚೆನ್ನಾಗಿ ಆಡುತ್ತಾನೆ, ಆದರೆ ಎಡಗಾಲನ್ನು ಮುಟ್ಟಿಸುವುದೇ ಇಲ್ಲ. ರಹೀಂ ಅವರ ಶಿಷ್ಯರು ಎರಡೂ ಕಾಲಿನಿಂದ ಆಡುತ್ತಿದ್ದರು ಎಂದು ಕೇಳಿದ್ದೇನೆ. ಅದನ್ನು ಹೇಗೆ ಕಲಿಸುತ್ತಿದ್ದರು? (ಹುಬ್ಬಳ್ಳಿಯ ಒಬ್ಬರು ತಾಯಿ)

ರಹೀಂ ಅವರ ಉಪಾಯ ತೀರ ಸರಳ. ಬಲಹೀನ ಕಾಲಿನಿಂದ ಮಾತ್ರ ಚೆಂಡು ಒದೆಯಬೇಕೆಂಬ ಕಟ್ಟಳೆ ಹಾಕಿ ಪಂದ್ಯಗಳನ್ನೇ ಏರ್ಪಡಿಸುತ್ತಿದ್ದರು. ಅಭ್ಯಾಸದಲ್ಲಿ ಹತ್ತು ಸಲ ಎಡಗಾಲಿನಿಂದ ಒದ್ದು ಬಾ ಎಂದರೆ ಹುಡುಗ ಒದ್ದು ಬಂದು ಮತ್ತೆ ಬಲಗಾಲಿಗೆ ಮರಳುತ್ತಾನೆ. ಇಡೀ ಪಂದ್ಯವೇ ಹಾಗಾದರೆ ಗೆಲ್ಲುವ ಆಸೆಗಾದರೂ ಆ ಕಾಲು ಕಲಿಯಲೇಬೇಕು. ಎಡ ಅಂಚು, ನಡುವು, ಎಲ್ಲೆಂದರಲ್ಲಿ ಬಲರಾಂ ಹೊಂದಿಕೊಂಡದ್ದರ ಹಿಂದೆ ಇಂಥ ಅಭ್ಯಾಸವಿತ್ತು.

ಪೆಲೆಯ ಪ್ರತಿಮೆ ಇರುವ ಬೆಂಗಳೂರಿನ ಗೌತಮಪುರದ ಕಡೆ ಒಮ್ಮೆ ಹೋಗಿದ್ದಾಗ, ಹಿರಿಯ ಆಟಗಾರರೊಬ್ಬರು ಹುಡುಗರಿಗೆ ಇದನ್ನೇ ಮಾಡಿಸುತ್ತಿದ್ದುದನ್ನು ಕಂಡೆ. ಒಬ್ಬ ಹುಡುಗನ ಬಲಗಾಲಿಗೆ ಬೂಟು ಕಳಚಿಸಿ ಬರಿಯ ಕಾಲುಚೀಲದಲ್ಲಿ ಬಿಟ್ಟಿದ್ದರು. ಮರೆತು ಬಲಗಾಲು ಬೀಸಿದಾಗಲೆಲ್ಲ ಬೆರಳಿಗೆ ನೋವಾಗಿ ಅವನು ಒಂಟಿಕಾಲಲ್ಲಿ ಕುಣಿಯುತ್ತಿದ್ದ, ಉಳಿದವರು ನಗುತ್ತಿದ್ದರು. ಅರ್ಧ ಗಂಟೆಯ ಹೊತ್ತಿಗೆ ಅವನ ಎಡಗಾಲಿನ ಪಾಸ್‌ಗಳು ಓರೆಯಾಗಿಯಾದರೂ ಗೆಳೆಯನವರೆಗೆ ತಲುಪತೊಡಗಿದ್ದವು. ಬೂಟು ಕಳಚಿಸುವುದನ್ನು ನಾನು ಸಲಹೆಯಾಗಿ ಕೊಡುವುದಿಲ್ಲ. ಬೆರಳು ಮುರಿದರೆ ತಾವು ನನಗೇ ಪತ್ರ ಬರೆಯುತ್ತೀರಿ. ವಾರಕ್ಕೆ ಎರಡು ದಿನ ಗೆಳೆಯರೊಂದಿಗೆ ನಾಲ್ಕು ನಾಲ್ಕು ಜನರ ಸಣ್ಣ ಪಂದ್ಯ ಇಟ್ಟುಕೊಂಡು, ಬಲಗಾಲು ಮುಟ್ಟಿಸಿದರೆ ಚೆಂಡು ಎದುರಾಳಿಗೆ ಎಂಬ ನಿಯಮ ಮಾಡಿಸಿ. ಮೊದಲ ತಿಂಗಳು ಮಗ ಮುನಿಸಿಕೊಂಡು ಮನೆಗೆ ಬಂದಾನು. ಆ ಒಂದು ತಿಂಗಳು ಆಟವನ್ನು ನಿಲ್ಲಿಸಬೇಡಿ.